ವರ್ಡ್ ಟೆಂಪ್ಲೇಟಿಗೆ ಬೀಗ ಹಾಕಿ ಮೂರು ವರ್ಷ: ಬೋಲ್ಡ್ ಹೋಯಿತು, ಒತ್ತಕ್ಷರ ಉಳಿಯಿತು

ಮೊದಲ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಪಕ್ಕದ ಟೇಬಲ್ಲಿನ ಅಕ್ಕ ಕೂಗಿದರು. “ನೋಡಿ ಇಲ್ಲಿ, ಬೋಲ್ಡ್ ಆಗ್ತಾನೇ ಇಲ್ಲ. ನನ್ನ ಕೀಬೋರ್ಡ್ ಹೋಯ್ತು ಅನ್ಸುತ್ತೆ.” ಕೀಬೋರ್ಡ್ ಚೆನ್ನಾಗಿಯೇ ಇತ್ತು. ಹಿಂದಿನ ಸಂಜೆ ನಾನು ನಮ್ಮ ಟೆಂಪ್ಲೇಟಿಗೆ, ಅಂದರೆ ನಾವೆಲ್ಲ ಬರೆಯಲು ಬಳಸುವ ಮಾದರಿ ಫೈಲಿಗೆ, ಬೀಗ ಹಾಕಿ ಮನೆಗೆ ಹೋಗಿದ್ದೆ.

ಬೀಗ ಅಂದರೆ ವರ್ಡ್‌ನ ರಿವ್ಯೂ ಟ್ಯಾಬಿನಲ್ಲಿರುವ ‘ರಿಸ್ಟ್ರಿಕ್ಟ್ ಎಡಿಟಿಂಗ್’. ಅದರ ಮೊದಲನೇ ಟಿಕ್ ಹಾಕಿದರೆ, ನಾವು ಆರಿಸಿಟ್ಟ ಸ್ಟೈಲ್‌ಗಳನ್ನು (ಫಾಂಟ್, ಸೈಜ್, ಸಾಲಿನ ಜಾಗ ಎಲ್ಲ ಮೊದಲೇ ಹೊಂದಿಸಿ ಹೆಸರಿಟ್ಟ ಮಾದರಿಗಳನ್ನು) ಬಿಟ್ಟು ಬೇರೆ ಯಾವ ಫಾರ್ಮ್ಯಾಟಿಂಗೂ ಮಾಡಲು ಬರುವುದಿಲ್ಲ. ಫಾಂಟ್ ಬದಲಿಸಲು ಆಗಲ್ಲ, ಸೈಜ್ ಬದಲಿಸಲು ಆಗಲ್ಲ, ಸಾಲುಗಳ ನಡುವಿನ ಜಾಗ ಮುಟ್ಟಲು ಆಗಲ್ಲ. 2003ರ ವರ್ಡ್‌ನಿಂದಲೂ ಇದು ಇದೆ. ಆದರೂ ನಾನು ಕಂಡ ಯಾವ ಆಫೀಸಿನಲ್ಲೂ ಯಾರೂ ಬಳಸುತ್ತಿರಲಿಲ್ಲ. ಟಿಕ್ ಎಲ್ಲಿ ಹಾಕಬೇಕು ಎಂದು ತೋರಿಸುವ ವಿಡಿಯೋಗಳು ಬೇಕಾದಷ್ಟಿವೆ, ನಾನು ಅದನ್ನು ಮತ್ತೆ ಹೇಳುವುದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಹೇಗೆ ನಡೆಯುತ್ತದೆ ಎಂದು ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಬರಹ.

ನಾವು ಆರು ಜನ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ತರಬೇತಿ ಕೈಪಿಡಿ ಬರೆಯುತ್ತೇವೆ. ಲೆಕ್ಕ ಬರೆಯುವುದು, ಸಾಲದ ಕಂತು, ಮಕ್ಕಳ ಊಟ, ಇಂಥ ವಿಷಯಗಳು. ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆಯುತ್ತಾರೆ. ಎಲ್ಲವನ್ನೂ ಸೇರಿಸಿ ಒಂದು ಪುಸ್ತಕ ಮಾಡುವುದು ನನ್ನ ಕೆಲಸ. ಡಿಟಿಪಿಯವರಿಗೆ ಪುಟದ ಲೆಕ್ಕದಲ್ಲಿ ಕೊಡುವಷ್ಟು ದುಡ್ಡು ನಮ್ಮಲ್ಲಿಲ್ಲ. ಹಾಗಾಗಿ ವರ್ಡ್‌ನಲ್ಲೇ ಪುಟ ಕಟ್ಟಿ, ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕಳಿಸುತ್ತೇವೆ.

ಬೀಗಕ್ಕೆ ಮೊದಲು ನನ್ನ ಕೈಗೆ ಬರುತ್ತಿದ್ದ ಆರು ಫೈಲುಗಳನ್ನು ನೀವು ನೋಡಬೇಕಿತ್ತು. ಒಂದು ತುಂಗಾದಲ್ಲಿ, ಎರಡು ನಿರ್ಮಲಾ ಯುಐನಲ್ಲಿ, ಇನ್ನೊಂದು ಹಳೆಯ ನುಡಿ ಫಾಂಟಿನಲ್ಲಿ. ಅಕ್ಷರದ ಸೈಜು ಹನ್ನೆರಡು, ಹದಿಮೂರು, ಹದಿನಾಲ್ಕು, ಅವರವರ ಕನ್ನಡಕಕ್ಕೆ ತಕ್ಕಂತೆ. ಸೇರಿಸಿ ಒಂದೇ ಥರ ಮಾಡಲು ಎರಡು ದಿನ ಹಿಡಿಯುತ್ತಿತ್ತು. ಮಾಡಿ ಮುಗಿಸಿ ತಿದ್ದಲು ವಾಪಸ್ ಕೊಟ್ಟರೆ, ತಿದ್ದುಪಡಿಯ ಜೊತೆಗೆ ಹೊಸ ಬಣ್ಣ, ಹೊಸ ಗೆರೆ ಎಲ್ಲ ಬಂದಿರುತ್ತಿದ್ದವು. ಯಾರದೂ ತಪ್ಪಲ್ಲ. ಎದುರಿಗೆ ಬಟನ್ ಇದ್ದರೆ ಯಾರಾದರೂ ಒತ್ತುತ್ತಾರೆ, ಅಲ್ವಾ?

ಬೀಗ ಬಂದ ಮೇಲೆ ಬಣ್ಣ ಹೋಯಿತು, ಸೈಜಿನ ಗಲಾಟೆ ಹೋಯಿತು. ಆದರೆ ಬೋಲ್ಡ್ ಕೂಡ ಹೋಯಿತು. ನನ್ನ ದೊಡ್ಡ ದೂರು ಇದೇ. ಹಾಳು ಮಾಡುವ ಬಟನ್‌ಗಳನ್ನು ಮಾತ್ರ ಮುಚ್ಚಿ ಬೋಲ್ಡ್ ಒಂದನ್ನು ಬಿಡಿ ಎಂದು ಹೇಳುವ ದಾರಿ ಆ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಅಲ್ಲಿರುವುದು ಸ್ಟೈಲ್‌ಗಳ ಉದ್ದದ ಪಟ್ಟಿ, ಕೆಳಗೆ ಮೂರು ಟಿಕ್, ಅಷ್ಟೇ. ನೇರವಾಗಿ ಮಾಡುವ ಫಾರ್ಮ್ಯಾಟಿಂಗ್ ಎಲ್ಲಾ ಒಟ್ಟಿಗೆ ಬಂದ್. ಬೋಲ್ಡ್, ಇಟಾಲಿಕ್, ಅಂಡರ್‌ಲೈನ್, ಬುಲೆಟ್, ನಂಬರು, ಎಲ್ಲವೂ ಬೂದು ಬಣ್ಣಕ್ಕೆ ತಿರುಗಿ ಕೂತವು.

ಬರೆಯುವವರಿಗೆ ಇದು ನಿಜವಾಗಿ ಕಷ್ಟ. ‘ರಸೀದಿ ಇಲ್ಲದೆ ಹಣ ಕೊಡಬೇಡಿ’ ಎಂಬ ಸಾಲು ಎದ್ದು ಕಾಣಲೇಬೇಕು. ಕಾಣಿಸುವುದು ಹೇಗೆ? ಒಬ್ಬರು ನಕ್ಷತ್ರ ಚಿಹ್ನೆ ಹಾಕಿದರು. ಇನ್ನೊಬ್ಬರು ಉದ್ಧರಣ ಚಿಹ್ನೆ ಹಾಕಿದರು. ಮತ್ತೊಬ್ಬರು ಇಡೀ ವಾಕ್ಯಕ್ಕೆ ಹೆಡ್ಡಿಂಗ್ ಸ್ಟೈಲ್ ಕೊಟ್ಟುಬಿಟ್ಟರು, ಅದು ಹೋಗಿ ಪರಿವಿಡಿಯಲ್ಲಿ ಕೂತಿತು. ಮೊದಲ ಆರು ತಿಂಗಳಲ್ಲಿ ಈ ವಿಮರ್ಶೆ ಬರೆದಿದ್ದರೆ ನಾನು ಐದಕ್ಕೆ ಎರಡೇ ಸ್ಟಾರ್ ಕೊಡುತ್ತಿದ್ದೆ.

ದಾರಿ ಸಿಕ್ಕಿದ್ದು ನಿಧಾನಕ್ಕೆ. ಟೆಂಪ್ಲೇಟಿನಲ್ಲಿ ಒಂದು ಕ್ಯಾರೆಕ್ಟರ್ ಸ್ಟೈಲ್, ಅಂದರೆ ಇಡೀ ಪ್ಯಾರಾಕ್ಕಲ್ಲದೆ ಆರಿಸಿದ ಪದಗಳಿಗೆ ಮಾತ್ರ ಹತ್ತುವ ಸ್ಟೈಲ್, ಮಾಡಿದೆ. ಅದಕ್ಕೆ ‘ಒತ್ತು’ ಎಂದು ಕನ್ನಡದಲ್ಲೇ ಹೆಸರಿಟ್ಟೆ. ಅನುಮತಿಯ ಪಟ್ಟಿಯಲ್ಲಿ ಟಿಕ್ ಮಾಡಿದೆ. ಒತ್ತಿ ನೋಡಿದರೆ ಇಂಗ್ಲಿಷ್ ಪದ ದಪ್ಪ ಆಯಿತು, ಕನ್ನಡ ಪದ ಇದ್ದ ಹಾಗೇ ಇತ್ತು! ವರ್ಡ್ ಲೆಕ್ಕದಲ್ಲಿ ಕನ್ನಡ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’. ಅದರ ಫಾಂಟ್, ಸೈಜ್, ಬೋಲ್ಡ್ ಎಲ್ಲವನ್ನೂ ಬೇರೆಯಾಗಿ ಹೇಳಬೇಕು. ಫಾಂಟ್ ಡೈಲಾಗಿನಲ್ಲಿ ಆ ಭಾಗ ಕಾಣಬೇಕಾದರೆ ಆಫೀಸ್‌ನ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿರಬೇಕು. ಕನ್ನಡ ಟೆಂಪ್ಲೇಟ್ ಮಾಡುವವರು ಮೊದಲು ಇದನ್ನು ಮಾಡಿಕೊಳ್ಳಿ. ಇಲ್ಲದಿದ್ದರೆ ಸ್ಟೈಲ್‌ನಲ್ಲಿ ಯಾವ ಚೆಂದದ ಫಾಂಟ್ ಕೊಟ್ಟರೂ ಅದು ಇಂಗ್ಲಿಷಿಗೆ ಮಾತ್ರ ಹೋಗಿ ಸೇರುತ್ತದೆ.

ಆಮೇಲೆ ಆ ‘ಒತ್ತು’ ಸ್ಟೈಲಿಗೆ ಶಾರ್ಟ್‌ಕಟ್ ಕೊಟ್ಟೆ. ಯಾವುದು ಗೊತ್ತಾ? ಕಂಟ್ರೋಲ್ ಬಿ. ಅದೇ ಹಳೆಯ ಕೀ. ಉಳಿಸುವ ಜಾಗ ಕೇಳಿದಾಗ ನಾರ್ಮಲ್ (ವರ್ಡ್‌ನ ಸ್ವಂತ ಟೆಂಪ್ಲೇಟ್) ಬಿಟ್ಟು ನಮ್ಮ ಟೆಂಪ್ಲೇಟನ್ನೇ ಆರಿಸಿದೆ. ಮರುದಿನ ಪಕ್ಕದ ಅಕ್ಕ ಬೆರಳಿನ ಅಭ್ಯಾಸದಲ್ಲಿ ಕಂಟ್ರೋಲ್ ಬಿ ಒತ್ತಿದರು, ಅಕ್ಷರ ದಪ್ಪವಾಯಿತು. “ಬೀಗ ತೆಗೆದ್ರಾ?” ಎಂದು ಕೇಳಿದರು. ತೆಗೆದಿರಲಿಲ್ಲ. ಆ ದಿನದಿಂದ ನನಗೆ ಈ ಸೌಲಭ್ಯದ ಮೇಲಿನ ಸಿಟ್ಟು ಇಳಿಯಿತು. ಒಂದು ಮಿತಿ ಇದೆ: ಶಾರ್ಟ್‌ಕಟ್ ಇರುವುದು ಟೆಂಪ್ಲೇಟಿನಲ್ಲಿ, ಬರೆದ ಫೈಲಿನಲ್ಲಿ ಅಲ್ಲ. ಫೈಲನ್ನು ಮನೆಗೆ ಒಯ್ದು ಟೆಂಪ್ಲೇಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಂಟ್ರೋಲ್ ಬಿ ಮತ್ತೆ ಸುಮ್ಮನಾಗುತ್ತದೆ. ಅಲ್ಲಿ ಪಟ್ಟಿಯಿಂದಲೇ ‘ಒತ್ತು’ ಆರಿಸಿಕೊಳ್ಳಬೇಕು.

ಇನ್ನು ನಾನು ಎದುರು ನೋಡದೇ ಇದ್ದ ಖುಷಿಯ ವಿಷಯ. ಅಂಡರ್‌ಲೈನ್ ಹೋಗಿದ್ದು.

ಇಂಗ್ಲಿಷಿನಲ್ಲಿ ಅಂಡರ್‌ಲೈನ್ ಹಾಕಿದರೆ ಗೆರೆ ಅಕ್ಷರದ ಕೆಳಗೆ ಬರುತ್ತದೆ. ಕನ್ನಡದಲ್ಲಿ ಆ ಜಾಗದಲ್ಲಿ ಒತ್ತಕ್ಷರ ಕೂತಿರುತ್ತದೆ. ‘ಒಕ್ಕೂಟ’ ಎಂದು ಬರೆದು ಗೆರೆ ಎಳೆಯಿರಿ. ಗೆರೆ ನೇರವಾಗಿ ಕ ಒತ್ತಿನ ಮೇಲೆ ಹಾಯುತ್ತದೆ. ‘ರಾಷ್ಟ್ರೀಯ’ದಲ್ಲಿ ಎರಡು ಒತ್ತು, ಎರಡಕ್ಕೂ ಪೆಟ್ಟು. ನಮಗೆ ಓದಿ ಅಭ್ಯಾಸ, ಕಣ್ಣು ಅಂದಾಜಿನಲ್ಲಿ ದಾಟಿಬಿಡುತ್ತದೆ. ನಮ್ಮ ಕೈಪಿಡಿ ಓದುವ ಹಲವರು ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವರು. ಒಂದು ತರಬೇತಿಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಅಮ್ಮ ಬೆರಳಿಟ್ಟು ಓದುತ್ತಿದ್ದರು. ಬರೀ ಸಾಲುಗಳನ್ನು ನಿಧಾನಕ್ಕೆ, ಸರಿಯಾಗಿ ಓದಿದರು. ಗೆರೆ ಎಳೆದ ಹೆಡ್ಡಿಂಗ್ ಬಂದಾಗ ಬೆರಳು ನಿಂತಿತು. ಅಲ್ಲಿದ್ದ ಪದ ‘ಹೆಚ್ಚುವರಿ ಬಡ್ಡಿ’. ಚ ಒತ್ತು, ಡ ಒತ್ತು ಎರಡೂ ಗೆರೆಯೊಳಗೆ ಮುಳುಗಿದ್ದವು. ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಕೊನೆಗೆ ನನ್ನ ಕಡೆ ತಿರುಗಿಸಿ “ಇದೇನವ್ವ?” ಎಂದರು. ಅವರು ಕಷ್ಟಪಟ್ಟು ಕಲಿತ ಅಕ್ಷರವನ್ನು ನಾವೇ ಅಳಿಸಿ ಕೊಟ್ಟಿದ್ದೆವು. ನನಗೆ ತುಂಬಾ ನಾಚಿಕೆಯಾಯಿತು.

ಗೆರೆ ಹಾಕಬೇಡಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ, ಗೋಡೆಗೆ ಚೀಟಿ ಅಂಟಿಸಿದ್ದೆ. ಆಗದೇ ಇದ್ದ ಕೆಲಸ ಈ ಟಿಕ್‌ನಿಂದ ಆಯಿತು. ಮೂರು ವರ್ಷದಲ್ಲಿ ನಮ್ಮ ಪುಸ್ತಕಗಳಲ್ಲಿ ಒಂದು ಒತ್ತಕ್ಷರದ ಮೇಲೂ ಗೆರೆ ಬಿದ್ದಿಲ್ಲ. ಹಾಗೇ ಪುಟ ಉಳಿಸಲು ಲೈನ್ ಸ್ಪೇಸಿಂಗನ್ನು ‘ಎಕ್ಸಾಕ್ಟ್ಲಿ’ ಮಾಡಿ ಸಾಲುಗಳನ್ನು ಹತ್ತಿರ ತರುವುದೂ ನಿಂತಿತು. ಅದರಲ್ಲಿ ಒತ್ತಿನ ಬಾಲ ಕತ್ತರಿಸಿ ಹೋಗುತ್ತಿತ್ತು. ಈಗ ಸಾಲಿನ ಜಾಗ ಸ್ಟೈಲಿನೊಳಗಿದೆ. ಒತ್ತಿಗೆ ಬೇಕಾದಷ್ಟು ಕೊಟ್ಟು ಇಟ್ಟಿದ್ದೇನೆ.

ಒಂದು ಎಚ್ಚರಿಕೆ ಹೇಳಲೇಬೇಕು, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫೈಲ್ ಇಟ್ಟುಕೊಂಡವರು ಗಮನವಿಟ್ಟು ಓದಿ. ಬೀಗ ಹಾಕುವಾಗ ವರ್ಡ್ ಒಂದು ಪ್ರಶ್ನೆ ಕೇಳುತ್ತದೆ: ಈ ಫೈಲಿನಲ್ಲಿ ಅನುಮತಿ ಇಲ್ಲದ ಫಾರ್ಮ್ಯಾಟಿಂಗ್ ಇರಬಹುದು, ತೆಗೆಯಲಾ? ನಾನು ಒಂದು ಹಳೆಯ ಕೈಪಿಡಿಗೆ ಯೋಚಿಸದೆ ‘ಯೆಸ್’ ಒತ್ತಿದೆ. ಮೊದಲ ಪುಟಗಳು ಯೂನಿಕೋಡ್‌ನಲ್ಲಿದ್ದವು (ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಕೋಡ್), ಚೆನ್ನಾಗಿ ಕಂಡವು. ಸೇವ್ ಮಾಡಿ ಮುಚ್ಚಿದೆ. ಮರುದಿನ ತೆರೆದು ಮಧ್ಯಕ್ಕೆ ಬಂದರೆ ಪುಟಗಟ್ಟಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದು ಒಳಗೆ ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಕೋಡ್. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟನ್ನೇ ಕಿತ್ತರೆ ಉಳಿಯುವುದು ಆ ಕೋಡ್. ಬೀಗ ತೆಗೆದು ಮತ್ತೆ ನುಡಿ ಫಾಂಟ್ ಕೊಟ್ಟರೆ ಕನ್ನಡ ಮರಳಿ ಬರುತ್ತದೆ. ಆದರೆ ನಡುನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳು, ಖಾತೆಯ ನಮೂನೆಗಳು ಕೆಡುತ್ತವೆ. ನನ್ನ ಪುಣ್ಯ, ಹಳೆಯ ಪ್ರತಿ ಇಮೇಲಿನಲ್ಲಿ ಸಿಕ್ಕಿತು. ಅದನ್ನು ಕನ್ವರ್ಟರಿನಲ್ಲಿ ಯೂನಿಕೋಡ್‌ಗೆ ತಿರುಗಿಸಿ, ಒಂದೊಂದು ಪುಟ ಓದಿ, ಆಮೇಲೆ ಬೀಗ ಹಾಕಿದೆ. ನೀವೂ ಇದೇ ಕ್ರಮದಲ್ಲಿ ಮಾಡಿ. ಮೊದಲು ಪ್ರತಿ, ಆಮೇಲೆ ಯೂನಿಕೋಡ್, ಕೊನೆಗೆ ಬೀಗ.

ಇದು ಕಳ್ಳರಿಗೆ ಹಾಕುವ ಬೀಗವೂ ಅಲ್ಲ. ಬೇಕೆಂದರೆ ಯಾರಾದರೂ ಎಲ್ಲವನ್ನೂ ಕಾಪಿ ಮಾಡಿ ಹೊಸ ಫೈಲಿಗೆ ಹಾಕಿಕೊಂಡು ಇಷ್ಟ ಬಂದಂತೆ ಬಣ್ಣ ಹಚ್ಚಬಹುದು. ಗುಟ್ಟಿನ ಕಾಗದಪತ್ರಕ್ಕೆ ಇದನ್ನು ನಂಬಬೇಡಿ. ಪಾಸ್‌ವರ್ಡ್ ನಮ್ಮ ಬೀರುವಿನ ಬಾಗಿಲ ಒಳಗೆ ಚೀಟಿಯಲ್ಲಿದೆ, ಎಲ್ಲರಿಗೂ ಗೊತ್ತು.

ಬೀಗಕ್ಕೆ ಕಾಣದೇ ಇರುವುದು ಎಂಟರ್ ಮತ್ತು ಸ್ಪೇಸ್. ಹೊಸ ಪುಟಕ್ಕೆ ಹೋಗಲು ಹದಿನಾಲ್ಕು ಸಲ ಎಂಟರ್ ಒತ್ತಿದರೆ ವರ್ಡ್ ಅದನ್ನು ಬರಹ ಎಂದೇ ತಿಳಿಯುತ್ತದೆ. ಅಧ್ಯಾಯದ ಹೆಡ್ಡಿಂಗ್ ಸ್ಟೈಲಿನಲ್ಲಿ ‘ಪೇಜ್ ಬ್ರೇಕ್ ಬಿಫೋರ್’ ಟಿಕ್ ಮಾಡಿದ ಮೇಲೆ ಅರ್ಧ ಕಡಿಮೆಯಾಯಿತು. ಉಳಿದ ಅರ್ಧ ನನ್ನ ಬೆಳಗಿನ ಕೆಲಸ. ಒಂಬತ್ತೂವರೆಗೆ ಚಹಾ ತಂದಿಟ್ಟುಕೊಂಡು ಆರು ಫೈಲುಗಳನ್ನು ಒಂದೊಂದಾಗಿ ತೆರೆಯುತ್ತೇನೆ. ಪ್ಯಾರಾ ಗುರುತು ತೋರಿಸುವ ಬಟನ್ ಒತ್ತುತ್ತೇನೆ. ಖಾಲಿ ಪ್ಯಾರಾಗಳು ಸಾಲಾಗಿ ನಿಂತಿರುತ್ತವೆ. ರಿಪ್ಲೇಸ್‌ನಲ್ಲಿ ಎರಡು ಪ್ಯಾರಾ ಗುರುತಿನ ಜಾಗಕ್ಕೆ ಒಂದು ಕೊಡುತ್ತೇನೆ, ಪಟಪಟ ಮಾಯವಾಗುತ್ತವೆ. ಆಮೇಲೆ ಎಡಗಡೆ ನ್ಯಾವಿಗೇಶನ್ ಪೇನ್ ತೆರೆದರೆ ಇಡೀ ಪುಸ್ತಕದ ತಲೆಬರಹಗಳು ಒಂದರ ಕೆಳಗೊಂದು. ಅದನ್ನು ಮೇಲಿಂದ ಕೆಳಗೆ ಒಮ್ಮೆ ಓದುವುದು ನನಗೆ ತುಂಬಾ ಇಷ್ಟ. ಚಹಾ ತಣ್ಣಗಾಗುವ ಮೊದಲೇ ಮುಗಿಯುತ್ತದೆ. ಎರಡು ದಿನದ ಸೇರಿಸುವ ಕೆಲಸ ಈಗ ಒಂದು ಬೆಳಗಿನದು.

ನೀವು ಒಬ್ಬರೇ ಬರೆಯುವವರಾದರೆ ಇದು ಬೇಡ, ಸ್ಟೈಲ್ ಬಳಸಿದರೆ ಸಾಕು. ಮೂರಕ್ಕಿಂತ ಜಾಸ್ತಿ ಜನ ಒಂದೇ ಪುಸ್ತಕಕ್ಕೆ ಬರೆಯುತ್ತಿದ್ದು, ಡಿಟಿಪಿಗೆ ದುಡ್ಡಿಲ್ಲದಿದ್ದರೆ ಖಂಡಿತ ಹಾಕಿ. ಆದರೆ ‘ಒತ್ತು’ ಸ್ಟೈಲ್, ಅದರ ಶಾರ್ಟ್‌ಕಟ್, ಬುಲೆಟ್ ಮತ್ತು ನಂಬರಿನ ಸ್ಟೈಲ್ ಎಲ್ಲ ತಯಾರಾದ ಮೇಲೆ ಹಾಕಿ. ನನ್ನ ಹಾಗೆ ಮೊದಲು ಬೀಗ ಹಾಕಿ ಆಮೇಲೆ ದಾರಿ ಹುಡುಕಬೇಡಿ. ಆ ಆರು ತಿಂಗಳು ನಮ್ಮವರು ಸುಮ್ನೆ ಕಷ್ಟಪಟ್ಟರು. ಬೋಲ್ಡ್‌ಗಾಗಿ ಒಂದು ಸ್ಟಾರ್ ಕಳೆದು, ಐದಕ್ಕೆ ನಾಲ್ಕು ಕೊಡುತ್ತೇನೆ.

ಈ ವಾರ ಹೊಸ ಕೈಪಿಡಿ ಶುರುವಾಗಿದೆ. ಇದರಲ್ಲಿ ಸಂಘದವರೇ ಕಟ್ಟಿದ ಹಾಡುಗಳಿವೆ. “ಹಾಡಿನ ಸಾಲು ಸ್ವಲ್ಪ ಒಳಗೆ ಸರಿಬೇಕು, ಅಕ್ಷರ ದೊಡ್ಡದಿರಬೇಕು, ಅದಕ್ಕೊಂದು ಸ್ಟೈಲ್ ಮಾಡಿಕೊಡಿ” ಎಂದು ಪಕ್ಕದ ಅಕ್ಕ ಕೇಳಿದ್ದಾರೆ. ನಾಳೆ ಬೀರು ತೆರೆದು, ಚೀಟಿ ನೋಡಿ ಬೀಗ ತೆಗೆದು, ‘ಹಾಡು’ ಎಂಬ ಸ್ಟೈಲ್ ಸೇರಿಸಬೇಕು.