ಜರ್ಮನ್‌ನಲ್ಲಿ ಕೆಲಸದ ಹೊತ್ತು ಕೇಳುವುದು: ಯಾವ ಪ್ರಶ್ನೆ ಎಲ್ಲಿಗೆ ಸರಿ?

ಒಬ್ಬರ ಡ್ಯೂಟಿ ಯಾವಾಗ, ಎಷ್ಟು ಹೊತ್ತಿಗೆ ಬಿಡುವು ಎಂದು ಜರ್ಮನ್‌ನಲ್ಲಿ ಕೇಳಲು ಹಲವು ದಾರಿಗಳಿವೆ. ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ಆಫೀಸಿನವರ ಜೊತೆ, ನರ್ಸ್ ಆಗಿರುವ ಗೆಳತಿಯ ಜೊತೆ ಇವನ್ನೆಲ್ಲ ಬಳಸಿ ನೋಡಿದ್ದೇನೆ. ವ್ಯಾಕರಣದಲ್ಲಿ ಎಲ್ಲವೂ ಸರಿ, ಸಿಗುವ ಉತ್ತರ ಮಾತ್ರ ಬೇರೆ ಬೇರೆ.

ಎ1, ಅಂದರೆ ಆರಂಭದ ಹಂತದ ತರಗತಿಯಲ್ಲಿ ಮೊದಲು ಕಲಿಯುವುದು "ವಾನ್ ಆರ್ಬೈಟೆಸ್ಟ್ ಡು?" (ನೀನು ಯಾವಾಗ ಕೆಲಸ ಮಾಡುತ್ತೀಯ?) ಇದಕ್ಕೆ ಹೆಚ್ಚಾಗಿ "ಸೋಮವಾರದಿಂದ ಶುಕ್ರವಾರ" ಎಂಬಂಥ ಉತ್ತರವೇ ಬರುತ್ತದೆ. "ಫೊನ್ ವಾನ್ ಬಿಸ್ ವಾನ್" (ಎಷ್ಟರಿಂದ ಎಷ್ಟರವರೆಗೆ) ಎಂದು ಸೇರಿಸಿದರೆ ಗಂಟೆಯೂ ಗೊತ್ತಾಗುತ್ತದೆ, ಆದರೆ ಅರ್ಜಿ ತುಂಬಿಸಿಕೊಳ್ಳುವವರ ಧಾಟಿ ಬಂದುಬಿಡುತ್ತದೆ.

"ವೀ ಲಾಂಗೆ ಆರ್ಬೈಟೆಸ್ಟ್ ಡು?" (ಎಷ್ಟು ಹೊತ್ತು ಕೆಲಸ ಮಾಡುತ್ತೀಯ?) ನನಗೆ ಅಷ್ಟು ಹಿಡಿಸಿಲ್ಲ. ದಿನಕ್ಕೆ ಎಷ್ಟು ಗಂಟೆ ಎಂದೋ, ಇವತ್ತು ಎಷ್ಟು ಹೊತ್ತಿನವರೆಗೆ ಎಂದೋ ಉತ್ತರಿಸುವವರಿಗೆ ಗೊಂದಲ. "ಹೊಯ್ಟೆ" (ಇವತ್ತು) ಸೇರಿಸಿದರೆ ಸರಿಹೋಗುತ್ತದೆ. "ಶೋನ್" ಸೇರಿಸಿದರೆ ಮಾತ್ರ ಅರ್ಥವೇ ಬೇರೆ: ಎಷ್ಟು ವರ್ಷದಿಂದ ಕೆಲಸದಲ್ಲಿದ್ದೀಯ ಎಂದಾಗುತ್ತದೆ.

ಗೆಳೆಯರನ್ನು, ಜೊತೆ ಕೆಲಸ ಮಾಡುವವರನ್ನು ಕೇಳಲು ನನ್ನ ಆಯ್ಕೆ ಒಂದೇ: "ವಾನ್ ಹಾಸ್ಟ್ ಡು ಫೈಯರ್‌ಆಬೆಂಟ್?" ದಿನದ ಕೆಲಸ ಮುಗಿದು ನಮ್ಮ ಪಾಲಿನ ಹೊತ್ತು ಶುರುವಾಗುವುದೇ ಫೈಯರ್‌ಆಬೆಂಟ್. ಹೊರಡುವಾಗ "ಶ್ಯೋನೆನ್ ಫೈಯರ್‌ಆಬೆಂಟ್" ಎಂದು ಹಾರೈಸುವುದು ಇಲ್ಲಿ ದಿನನಿತ್ಯದ ರೂಢಿ. ಈ ಹೊತ್ತಿಗೆ ಕಾನೂನಿನ ಬೆಂಬಲವೂ ಇದೆ. 1994ರ ಕೆಲಸದ ಅವಧಿ ಕಾಯ್ದೆಯ ಪ್ರಕಾರ ದಿನಕ್ಕೆ 8 ಗಂಟೆ ದುಡಿಮೆ. ಸರಾಸರಿ 8 ಮೀರದಂತೆ ಅದನ್ನು 10ರವರೆಗೆ ಹಿಗ್ಗಿಸಬಹುದು, ಆದರೆ ಒಂದು ದಿನದ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ 11 ಗಂಟೆ ಬಿಡುವು ಕೊಡಲೇಬೇಕು. ಹಾಗಾಗಿ ಈ ಪ್ರಶ್ನೆ ಕೇಳಿದರೆ ಮೂಗು ತೂರಿಸಿದಂತೆ ಯಾರಿಗೂ ಅನ್ನಿಸುವುದಿಲ್ಲ. ಉತ್ತರದ ಬೆನ್ನಿಗೇ ಎಲ್ಲಾದರೂ ಸಿಗೋಣ ಎಂಬ ಮಾತೂ ಬರುತ್ತದೆ. ಭಾಷೆ ಕಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಪಾಳಿಯಲ್ಲಿ ದುಡಿಯುವವರಿಗೆ ಇದು ಅರ್ಧ ಮಾತ್ರ ಸಾಲುತ್ತದೆ, ಏಕೆಂದರೆ ಅವರ ಹೊತ್ತು ವಾರವಾರವೂ ಬದಲಾಗುತ್ತದೆ. ಕಾರ್ಖಾನೆಯವರಾದರೆ "ವೆಲ್ಶೆ ಶಿಶ್ಟ್ ಹಾಸ್ಟ್ ಡು?" (ನಿನಗೆ ಯಾವ ಪಾಳಿ?) ಎನ್ನಬೇಕು. ಆಸ್ಪತ್ರೆಯಲ್ಲಿ ಹೆಚ್ಚಾಗಿ ಶಿಶ್ಟ್ ಬದಲು ಡೀನ್ಸ್ಟ್ (ಡ್ಯೂಟಿ) ಅನ್ನುತ್ತಾರೆ: ಬೆಳಗಿನದು ಫ್ರ್ಯೂಡೀನ್ಸ್ಟ್, ಮಧ್ಯಾಹ್ನದ ಮೇಲಿನದು ಶ್ಪೇಟ್‌ಡೀನ್ಸ್ಟ್, ರಾತ್ರಿಯದು ನಾಖ್ಟ್‌ಡೀನ್ಸ್ಟ್. "ಹಾಸ್ಟ್ ಡು ಮೊರ್ಗೆನ್ ಫ್ರ್ಯೂಡೀನ್ಸ್ಟ್?" ಎಂದರೆ ನನ್ನ ಗೆಳತಿ ನಾಳೆಯದಷ್ಟೇ ಅಲ್ಲ, ಇಡೀ ವಾರದ ಪಟ್ಟಿಯನ್ನೇ ಹೇಳುತ್ತಾಳೆ. ಮಂಗಳೂರು ಕಡೆಯಿಂದ ನರ್ಸಿಂಗ್‌ಗೆ ಬರುವವರು ಈ ಮೂರು ಹೆಸರುಗಳನ್ನು ವಿಮಾನ ಹತ್ತುವ ಮುಂಚೆಯೇ ಬಾಯಿಪಾಠ ಮಾಡಿಕೊಳ್ಳಲಿ.

ಸಂದರ್ಶನದಲ್ಲಿ "ವೀ ಜಿಂಟ್ ಡೀ ಆರ್ಬೈಟ್ಸ್‌ತ್ಸೈಟೆನ್?" (ಕೆಲಸದ ಹೊತ್ತು ಹೇಗಿರುತ್ತದೆ?) ಅಚ್ಚುಕಟ್ಟು. ಉತ್ತರದಲ್ಲಿ "ಗ್ಲೈಟ್‌ತ್ಸೈಟ್" ಎಂದು ಕೇಳಿಬಂದರೆ ಬರುವ ಹೋಗುವ ಹೊತ್ತನ್ನು ಒಂದು ಮಿತಿಯೊಳಗೆ ನಾವೇ ಆರಿಸಿಕೊಳ್ಳಬಹುದು. "ಕೆರ್ನ್‌ತ್ಸೈಟ್" ಇದ್ದರೆ ಆ ಕೆಲವು ಗಂಟೆ ಮಾತ್ರ ಇರಲೇಬೇಕು.

ಮೇಲಧಿಕಾರಿಯನ್ನು ಫೈಯರ್‌ಆಬೆಂಟ್ ಕೇಳುವುದಕ್ಕಿಂತ "ಬಿಸ್ ವಾನ್ ಜಿಂಟ್ ಜೀ ಹೊಯ್ಟೆ ಇಮ್ ಹೌಸ್?" ಎನ್ನುವುದು ಲೇಸು. ಇವತ್ತು ಎಷ್ಟು ಹೊತ್ತಿನವರೆಗೆ ಇಲ್ಲಿರುತ್ತೀರಿ ಎಂದಷ್ಟೇ ಕೇಳಿದಂತಾಗುತ್ತದೆ, "ಜೀ" ಬಹುವಚನದ ಮರ್ಯಾದೆಯೂ ಉಳಿಯುತ್ತದೆ.

ಯಾವ ಪ್ರಶ್ನೆ ಕೇಳಿದರೂ "ಹಾಲ್ಪ್ ಜೆಕ್ಸ್" ಎಂಬ ಉತ್ತರ ಬಂದರೆ ಅದು ಐದೂವರೆ, ಆರೂವರೆಯಲ್ಲ.