ಲೈವ್ ಡೆಮೋನಾ ವಿಡಿಯೋನಾ? ಕೆಮಿಸ್ಟ್ರಿ ಲೆಕ್ಚರ್‌ಗೆ ಯಾವ್ದು ಸರಿ

ಮೊದ್ಲು ನೋಡ್ಬೇಕಾದ್ದು ಯಾವ ರಿಯಾಕ್ಷನ್ ಅನ್ನೋದು. ಕೋಬಾಲ್ಟ್ ಕ್ಲೋರೈಡ್ ಇಕ್ವಿಲಿಬ್ರಿಯಂ (ಮುಂದಕ್ಕೂ ಹಿಂದಕ್ಕೂ ಹೋಗೋ ರಿಯಾಕ್ಷನ್) ಥರದ್ದು, ಅಂದ್ರೆ ಬಿಸಿ ಮಾಡಿದ್ರೆ ನೀಲಿ ಐಸಲ್ಲಿಟ್ರೆ ಮತ್ತೆ ಗುಲಾಬಿ, ಇದನ್ನ ಕಣ್ಣೆದುರಿಗೇ ಮಾಡಿ, ಯಾಕಂದ್ರೆ ಯಾರಾದ್ರೂ ಎದ್ದು ನೀರು ಜಾಸ್ತಿ ಹಾಕಿದ್ರೆ ಏನಾಗುತ್ತೆ ಅಂತ ಕೇಳಿದ್ರೆ ಅಲ್ಲೇ ಹಾಕಿ ತೋರಿಸ್ಬೋದು, ವಿಡಿಯೋದಲ್ಲಿ ಅದು ಆಗಲ್ಲ.

ಸೀಸಿಯಂ ನೀರು ತಾಗಿದ್ರೆ ಸಿಡಿಯೋ ಲೋಹ, ಅದನ್ನ ನೀರಿಗೆ ಹಾಕೋದೆಲ್ಲ ವಿಡಿಯೋನೇ, ಅದ್ರಲ್ಲಿ ಚರ್ಚೆನೇ ಇಲ್ಲ. ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ ತೋರಿಸ್ಬೋದು ಅನ್ನೋದೂ ಪ್ಲಸ್ಸು.

ಫ್ಲೇಮ್ ಟೆಸ್ಟ್, ಅಂದ್ರೆ ಬೇರೆ ಬೇರೆ ಲೋಹದ ಲವಣ ಬೆಂಕಿಗೆ ಬೇರೆ ಬೇರೆ ಬಣ್ಣ ಕೊಡೋದನ್ನ ತೋರಿಸೋದು, ಲೈವ್ ಮಾಡ್ಬೋದು, ಆದ್ರೆ ತೆರೆದ ಮೆಥನಾಲ್ (ಬೇಗ ಹೊತ್ಕೊಳ್ಳೋ ಆಲ್ಕೋಹಾಲ್) ಉರಿಸಿ ಮಾತ್ರ ದಯವಿಟ್ಟು ಬೇಡ. ಆರಿತು ಅನ್ಕೊಂಡು ಬಾಟ್ಲಿಂದ ಮತ್ತೆ ಸುರಿಯೋವಾಗ ಬೆಂಕಿ ಚಿಮ್ಮಿ ಮುಂದೆ ಕೂತ ಮಕ್ಕಳು ಸುಟ್ಕೊಂಡಿರೋ ಘಟನೆಗಳು ನಿಜಕ್ಕೂ ಆಗಿವೆ. ಲವಣದ ದ್ರಾವಣದಲ್ಲಿ ನೆನೆಸಿದ ಮರದ ಕಡ್ಡಿನ ಬರ್ನರ್‌ಗೆ ಹಿಡಿದ್ರೆ ಅದೇ ಬಣ್ಣ ಬರುತ್ತೆ.

ಹಿಂದಿನ ಬೆಂಚಿಗೆ ಕಾಣಲ್ಲ ಅನ್ನೋ ಕಾರಣಕ್ಕೆ ಲೈವ್ ಬಿಡ್ಬೇಡಿ, ಫೋನ್ ಕ್ಯಾಮೆರಾನ ಪ್ರೊಜೆಕ್ಟರ್‌ಗೆ ಹಾಕಿದ್ರೆ ಆಯ್ತು.

ಆದ್ರೆ ನನ್ ಪ್ರಕಾರ ಇವೆರಡಕ್ಕಿಂತ ಮುಖ್ಯವಾದ್ದು ಬೇರೆ ಇದೆ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ ತಂಡ ಫಿಸಿಕ್ಸ್ ಡೆಮೋಗಳ ಮೇಲೆ ಸ್ಟಡಿ ಮಾಡಿ 2004ರಲ್ಲಿ ಪ್ರಕಟಿಸಿದ್ರು, ಸುಮ್ನೆ ನೋಡಿದವ್ರಿಗೆ ಡೆಮೋನೇ ನೋಡದವ್ರಿಗಿಂತ ಹೆಚ್ಚೇನೂ ಅರ್ಥ ಆಗಿರ್ಲಿಲ್ಲ, ಮೊದ್ಲೇ ಏನಾಗ್ಬೋದು ಅಂತ ಊಹಿಸಿ ಆಮೇಲೆ ನೋಡಿದವ್ರಿಗೆ ಚೆನ್ನಾಗಿ ಅರ್ಥ ಆಗಿತ್ತು. ಹಾಗಾಗಿ ಲೈವೋ ವಿಡಿಯೋನೋ, ಶುರು ಮಾಡೋ ಮುಂಚೆ ಎರಡು ನಿಮಿಷ ಕೊಟ್ಟು ಊಹೆ ಬರೆಸಿ, ಪಕ್ಕದವ್ರ ಜೊತೆ ವಾದ ಮಾಡೋಕೆ ಬಿಡಿ, ಆಮೇಲೆ ಬರ್ನರ್ ಹಚ್ಚಿ.