ಮಾಟುಂಗಾದ ಮನೆಯಲ್ಲಿ ‘ಅಮೆರಿಕನ್ ಬಾರ್ನ್ ಚೈನೀಸ್’

ಮುಂಬಯಿಯ ಕಿಂಗ್ಸ್ ಸರ್ಕಲ್ಲಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಮಗಳ ಪಠ್ಯಪುಸ್ತಕ ಹುಡುಕುತ್ತಿದ್ದಾಗ ಜೀನ್ ಲುಎನ್ ಯಾಂಗ್ ಅವರ ‘ಅಮೆರಿಕನ್ ಬಾರ್ನ್ ಚೈನೀಸ್’ ಕೈಗೆ ಬಂತು. 2006ರಲ್ಲಿ ಪ್ರಕಟವಾದ, ಹದಿಹರೆಯದವರಿಗಾಗಿ ಬರೆದ ಈ ಚಿತ್ರಕಾದಂಬರಿಗೆ 2007ರಲ್ಲಿ, ಹದಿಹರೆಯದವರ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ಪ್ರಿಂಟ್ಜ್ ಪ್ರಶಸ್ತಿ ಬಂದಿತ್ತು. ಚಿತ್ರಕಾದಂಬರಿಯೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಮಗಳಿಗೆಂದು ಕೊಂಡು ತಂದದ್ದನ್ನು ಆ ರಾತ್ರಿ ನಾನೇ ಮೊದಲು ಓದಿ ಮುಗಿಸಿದೆ.

ಕಥಾನಾಯಕ ಜಿನ್ ವಾಂಗ್ ಅಮೆರಿಕದಲ್ಲಿ ಬೆಳೆಯುತ್ತಿರುವ, ಚೀನೀ ತಂದೆತಾಯಿಯ ಮಗ. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್ ಬಿಟ್ಟು ಹೊಸ ಶಾಲೆಗೆ ಸೇರಿದ ದಿನ ಟೀಚರು ಅವನ ಹೆಸರನ್ನು ತಪ್ಪಾಗಿ ಹೇಳಿ, ಚೀನಾದಿಂದ ಬಂದ ಹುಡುಗನೆಂದು ತರಗತಿಗೆ ಪರಿಚಯಿಸುತ್ತಾರೆ. ಮುಂಬಯಿಯಲ್ಲೇ ಹುಟ್ಟಿದ ನನ್ನನ್ನೂ ಶಾಲೆಯಲ್ಲಿ ‘ಮದ್ರಾಸಿ’ ಎಂದೇ ಕರೆಯುತ್ತಿದ್ದರು. ನಮ್ಮ ಮಂಗಳೂರು 1956ರಲ್ಲೇ ಮದ್ರಾಸ್ ರಾಜ್ಯದಿಂದ ಬೇರೆಯಾಯಿತೆಂದು ಅಪ್ಪ ಹೇಳಿಕೊಟ್ಟಿದ್ದರೂ, ಐದನೇ ತರಗತಿಯ ಹೊತ್ತಿಗೆ ತಿದ್ದುವುದನ್ನೇ ಬಿಟ್ಟಿದ್ದೆ. ಮುಂದೆ ತೈವಾನಿನಿಂದ ವೇ-ಚೆನ್ ಎಂಬ ಹುಡುಗ ಅದೇ ತರಗತಿಗೆ ಬಂದಾಗ, ಜಿನ್ ಮೊದಲು ಅವನನ್ನು ದೂರವಿಡಲು ನೋಡುತ್ತಾನೆ, ಇದು ಅಮೆರಿಕ, ಇಂಗ್ಲಿಷ್ ಮಾತಾಡು ಎನ್ನುತ್ತಾನೆ. ಅವಮಾನ ಉಂಡ ಮಗು ಅದನ್ನೇ ಇನ್ನೊಬ್ಬನಿಗೆ ಬಡಿಸುವ ಈ ಪುಟವನ್ನು ದಾಟಿಹೋಗಲು ನನಗೆ ಬಹಳ ಹೊತ್ತು ಹಿಡಿಯಿತು.

ಆದರೆ ಪುಸ್ತಕದ ಜೀವ ಇರುವುದು ಅದರೊಳಗೆ ಹೆಣೆದ, ಚೀನೀಯರ ಹಳೆಯ ಕಥೆಗಳಲ್ಲಿ ಬರುವ ವಾನರ ರಾಜನ ಕಥೆಯಲ್ಲಿ. ದೇವತೆಗಳ ಔತಣಕ್ಕೆ ಹೋದ ರಾಜನನ್ನು, ಕಾಲಿಗೆ ಪಾದರಕ್ಷೆಯಿಲ್ಲವೆಂದು ಬಾಗಿಲಲ್ಲೇ ತಡೆಯುತ್ತಾರೆ. ಅಂದು ರಾತ್ರಿ ತನ್ನ ಕೋಣೆಗೆ ಮರಳಿದಾಗ ವಾನರರ ಮೈಕೂದಲಿನ ವಾಸನೆ ಮೊಟ್ಟಮೊದಲ ಬಾರಿ ಅವನ ಮೂಗಿಗೆ ತಾಗುತ್ತದೆ. ಬಳಿಕ ವಾನರರೆಲ್ಲರೂ ಪಾದರಕ್ಷೆ ಮೆಟ್ಟಬೇಕೆಂದು ಆಜ್ಞೆ ಹೊರಡುತ್ತದೆ. ಕಳೆದ ಮಳೆಗಾಲದಲ್ಲಿ ಮಗಳ ಡಬ್ಬಿಗೆ ಹಾಕಿದ್ದ ಪತ್ರೊಡೆ ಮುಟ್ಟದೆ ಹಾಗೆಯೇ ಮರಳಿ ಬಂದಿತ್ತು. “ಅಮ್ಮಾ, ನಾಳೆಯಿಂದ ಚಪಾತಿ ಕೊಡು, ಇದು ವಾಸನೆ ಬರ್ತದೆ” ಎಂದಿದ್ದಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಅದನ್ನು ವಾಸನೆ ಎಂದಿರಲಿಲ್ಲ.

ಮೂರನೆಯ ಎಳೆಯಲ್ಲಿ ಬರುವ ಚಿನ್-ಕೀ, ಚೀನೀಯರ ಬಗ್ಗೆ ಅಮೆರಿಕದಲ್ಲಿದ್ದ ಅಪಹಾಸ್ಯಗಳನ್ನೆಲ್ಲ ಒಟ್ಟುಮಾಡಿ ಉದ್ದೇಶಪೂರ್ವಕವಾಗಿಯೇ ವಿಕಾರವಾಗಿ ಬರೆದ ಪಾತ್ರ. ಹಿನ್ನೆಲೆ ತಿಳಿಯದ ಮಕ್ಕಳು ಅವನನ್ನು ನೋಡಿ ಸುಮ್ಮನೆ ನಕ್ಕುಬಿಡಬಹುದು. ಆ ಪುಟಗಳನ್ನು ದೊಡ್ಡವರು ಜೊತೆಗೆ ಕೂತು ಓದುವುದು ಒಳ್ಳೆಯದು.

ನನ್ನ ನಿಜವಾದ ತಕರಾರು ಪುಸ್ತಕ ಕೊಡುವ ಪರಿಹಾರದ ಬಗ್ಗೆ. ಬೆಟ್ಟದಡಿ 500 ವರ್ಷ ಸಿಲುಕಿದ್ದ ವಾನರ ರಾಜ ತನ್ನ ನಿಜರೂಪಕ್ಕೆ ಮರಳಿದಾಗ ಬಿಡುಗಡೆ ಹೊಂದುತ್ತಾನೆ, ಪಾದರಕ್ಷೆ ಬಿಟ್ಟು ನಡೆಯುತ್ತಾನೆ. ಚಿತ್ರವಾಗಿ ಇದು ಬಹಳ ಸುಂದರ. ಆದರೆ ಮನೆಯಲ್ಲಿ ತುಳು ಮತ್ತು ಕನ್ನಡ, ಬೀದಿಯಲ್ಲಿ ಮರಾಠಿ ಮತ್ತು ಹಿಂದಿ ಆಡಿ ಬೆಳೆದ ನನ್ನ ಮಗಳಿಗೆ ಮರಾಠಿ ಮೇಲೆ ಮೆಟ್ಟಿಕೊಂಡ ಪಾದರಕ್ಷೆಯಲ್ಲ. ಅವಳು ನಿದ್ದೆಯಲ್ಲಿ ಕನವರಿಸುವುದೂ ಆ ಭಾಷೆಯಲ್ಲೇ. ಯಾವುದನ್ನು ಬಿಟ್ಟರೆ ಅವಳ ನಿಜರೂಪ ಉಳಿಯುತ್ತದೆ ಎಂಬುದಕ್ಕೆ ಯಾಂಗ್ ಅವರಲ್ಲಿ ಉತ್ತರ ಸಿಗಲಿಲ್ಲ.

ಇಷ್ಟಾದರೂ ಹನ್ನೆರಡು ದಾಟಿದ ಮಕ್ಕಳಿರುವ ಮುಂಬಯಿ ಕನ್ನಡಿಗರ ಮನೆಗೆ ಇದನ್ನು ಮನಸಾರೆ ಹೇಳುತ್ತೇನೆ. ಇಂಗ್ಲಿಷ್ ಸರಳವಾಗಿದೆ, ಲಾರ್ಕ್ ಪಿಯೆನ್ ಅವರ ಬಣ್ಣ ಹಿತವಾಗಿದೆ. ಮಗಳು ಎರಡನೇ ಸಲ ಓದುತ್ತಿದ್ದಾಳೆ. ಪಾದರಕ್ಷೆಯ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದ್ದಾಳೆ.